ಚುಕ್ಕಾಣಿಯ ಎದುರಿನ ಹಲಗೆ

ಹಳೇ ಫಿಶ್ ಫೈಂಡರ್ ಬಿಚ್ಚಿದ ತೂತಿಗೆ ಹೊಸದು ಸರಿಯಾಗಿ ಕೂತದ್ದನ್ನು ಎಲ್ಲಾದರೂ ನೋಡಿದ್ದೀರಾ? ನಾನಂತೂ ನೋಡಿಲ್ಲ. ಒಂದೋ ತೂತು ದೊಡ್ಡದಾಗುತ್ತದೆ, ಇಲ್ಲ ಚಿಕ್ಕದಾಗುತ್ತದೆ. ಎರಡೂ ಅಲ್ಲದಿದ್ದರೆ ಸ್ಕ್ರೂ ಕೂರಬೇಕಾದ ಮೂಲೆಯಲ್ಲೇ ಹಳೇ ಸ್ಕ್ರೂವಿನ ತೂತು ಬಾಯಿ ತೆರೆದುಕೊಂಡಿರುತ್ತದೆ. ಮಲ್ಪೆ, ಗಂಗೊಳ್ಳಿ ಕಡೆಯ ಯಾವುದಾದರೂ ಹಳೇ ಬೋಟಿನ ಕ್ಯಾಬಿನ್ ಹೊಕ್ಕು ಚುಕ್ಕಾಣಿಯ ಎದುರಿನ ಹಲಗೆ ನೋಡಿ. ಆ ಬೋಟಿನ ಜಾತಕವೆಲ್ಲ ಅಲ್ಲಿ ಉಂಟು. ಇಲ್ಲಿ ಕಪ್ಪುಬಿಳುಪು ಪರದೆಯ ಸೆಟ್ ಇತ್ತು, ಇಲ್ಲಿ ಮೊದಲ ಜಿಪಿಎಸ್, ಇಲ್ಲಿ ಕ್ಯಾಸೆಟ್ ಪ್ಲೇಯರ್. ಕ್ಯಾಸೆಟ್ ಪ್ಲೇಯರಿನ ಗೂಡಿನಲ್ಲಿ ಈಗ ಬೆಂಕಿಪೊಟ್ಟಣ, ಊದುಬತ್ತಿ, ಸುರುಳಿ ಸುತ್ತಿದ ಡೀಸೆಲ್ ಚೀಟಿ. ಅದನ್ನು ಮಾತ್ರ ಮುಚ್ಚಲಿಕ್ಕೆ ಯಾರಿಗೂ ಮನಸ್ಸಿಲ್ಲ, ಅಲ್ವಾ?

ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗೆ ಇಳಿಯುವಂತಿಲ್ಲವಲ್ಲ, ಇಂಥ ಕೆಲಸಕ್ಕೆ ಅದೇ ಕಾಲ. ನಮ್ಮ ಭಾವನ ಬೋಟಿಗೆ ಈ ಸಲ ಹೊಸ ಸೆಟ್ ಬಂದಿದೆ. ಮೆಕ್ಯಾನಿಕ್ ಬೇಡ, ನಾವೇ ಕೂರಿಸುವ ಅಂತ ತೀರ್ಮಾನ. ಕೂಲಿ ಉಳಿಸುವ ಲೆಕ್ಕ ಅಲ್ಲ ಮಾರಾಯ್ರೆ ಇದು. ದಡ ಕಾಣದಷ್ಟು ದೂರದಲ್ಲಿ, ನಡುರಾತ್ರಿ ಪರದೆ ಕಪ್ಪಾಯಿತು ಅಂತ ಇಟ್ಟುಕೊಳ್ಳಿ. ಯಾವ ವೈರು ಎಲ್ಲಿಂದ ಹೊರಟು ಎಲ್ಲಿಗೆ ಸೇರಿದೆ ಅಂತ ಬಂದರಿನಲ್ಲಿ ಮಲಗಿರುವ ಮೆಕ್ಯಾನಿಕ್ಕಿಗೆ ಗೊತ್ತಿದ್ದು ಏನು ಬಂತು? ಬೋಟು ನಡೆಸುವ ತಾಂಡೇಲನಿಗೆ ಗೊತ್ತಿರಬೇಕು. ಅದೂ ಕೈಗೆ ಗೊತ್ತಿರಬೇಕು, ಕತ್ತಲಲ್ಲಿ ಕಣ್ಣು ಕೆಲಸಕ್ಕೆ ಬರುವುದಿಲ್ಲ.

ಅಂಗಡಿಗೆ ಹೋದರೆ ಎಲ್ಲರ ಕಣ್ಣೂ ದೊಡ್ಡ ಪರದೆಯ ಮೇಲೆಯೇ. ನಕ್ಷೆ, ಮೀನು, ರಾಡಾರ್, ಎಲ್ಲ ಒಂದರಲ್ಲೇ. ನೋಡಲಿಕ್ಕೆ ಚೆಂದ, ಸುಳ್ಳು ಹೇಳಬಾರದು. ಆದರೆ ಆ ಒಂದು ಕೆಟ್ಟರೆ ಎಲ್ಲ ಒಟ್ಟಿಗೇ ಕೆಟ್ಟಿತು. ನನ್ನ ಮಾತು ಕೇಳುವುದಾದರೆ ಮೀನಿಗೊಂದು, ದಾರಿಗೊಂದು ಅಂತ ಎರಡು ಸಾಧಾರಣ ಸೆಟ್ ಇರಲಿ, ಎರಡಕ್ಕೂ ಬೇರೆ ಬೇರೆ ಫ್ಯೂಸ್ ಇರಲಿ. ಭಾವ ಮೊದಲು ಮೂಗು ಮುರಿದ. ಆಮೇಲೆ ಒಪ್ಪಿದ. ಮಿಕ್ಕಿದ ದುಡ್ಡಿನಲ್ಲಿ ಒಳ್ಳೇ ವೈರು ತೆಗೆದೆವು. ಪರದೆಗೆ ಲಕ್ಷ ಸುರಿದು ಅದರ ಹಿಂದೆ ಮನೆಯ ಸ್ವಿಚ್ ಬೋರ್ಡಿನ ಸಪೂರ ವೈರು ಎಳೆಯುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಅದು ಇದೇ.

ವೈರಿನ ವಿಷಯ ಬಂತು, ಒಂದು ತಮಾಷೆ ಹೇಳುತ್ತೇನೆ ಕೇಳಿ. ವಿಎಚ್‌ಎಫ್ ವೈರ್‌ಲೆಸ್ಸಿನಲ್ಲಿ ಬೇರೆಯವರ ಮಾತೆಲ್ಲ ಸ್ಪಷ್ಟ ಕೇಳುತ್ತದೆ, ನಾವು ಬಟನ್ ಒತ್ತಿ ಬಾಯಿ ತೆರೆದರೆ ಸೆಟ್ ಸತ್ತುಹೋಗುತ್ತದೆ. ಬಟನ್ ಬಿಟ್ಟರೆ ಮತ್ತೆ ಜೀವ. ಸೆಟ್ ಕೆಟ್ಟಿದೆ ಅಂತ ಹೊಸದು ತಂದವರಿದ್ದಾರೆ, ಅದೂ ಹಾಗೇ ಮಾಡಿತು! ಕೇಳುವಾಗ ಅದು ಎಳೆಯುವುದು ಒಂದು ಆಂಪಿಯರಿಗೂ ಕಮ್ಮಿ. 25 ವಾಟ್‌ನಲ್ಲಿ ಮಾತಾಡುವಾಗ ಐದಾರು ಆಂಪಿಯರ್ ಬೇಕು. ಬ್ಯಾಟರಿಯಿಂದ ಕ್ಯಾಬಿನ್ನಿಗೆ 10 ಮೀಟರ್ ಅಂದರೆ ಹೋಗಿ ಬರುವ ದಾರಿ 20 ಮೀಟರ್. ಒಂದು ಚದರ ಮಿಲಿಮೀಟರಿನ ಸಪೂರ ತಂತಿಯಾದರೆ 5 ಆಂಪಿಯರಿಗೆ ದಾರಿಯಲ್ಲೇ ಸುಮಾರು 1.8 ವೋಲ್ಟ್ ಸೋರಿಹೋಗುತ್ತದೆ. ಬ್ಯಾಟರಿಯಲ್ಲಿ 12 ಇದ್ದರೂ ಸೆಟ್ಟಿನ ಬಾಯಿಗೆ ಬರುವುದು ಹತ್ತು ಚಿಲ್ಲರೆ. ಪಾಪ, ಅದು ಉಸಿರಾಡುವುದಾದರೂ ಹೇಗೆ? ದಪ್ಪ ತಂತಿ ಎಳೆದರೆ ಹಳೇ ಸೆಟ್ಟೇ ಗಂಟಲು ಬಿಚ್ಚಿ ಮಾತಾಡುತ್ತದೆ.

ದಪ್ಪ ಇದ್ದರೆ ಮಾತ್ರ ಸಾಲದು, ಕಲಾಯಿ ಆಗಿರಬೇಕು. ಹೌದು, ಅದೇ ಕಲಾಯಿ. ನಿಮಗೆ ನೆನಪುಂಟಲ್ಲ, ನಮ್ಮ ಕೇರಿಗೆ ಕಲಾಯಿಯವರು ಬರುತ್ತಿದ್ದದ್ದು? ಹಲಸಿನ ಮರದ ಬುಡದಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ಪಾತ್ರೆ ಕೆಂಪಗೆ ಕಾದ ಮೇಲೆ ನವಸಾಗರದ ಪುಡಿ ಎರಚಿದರೆ ಬುಸ್ಸೆಂದು ಬಿಳಿ ಹೊಗೆ. ಆಮೇಲೆ ತವರದ ಕಡ್ಡಿ ಮುಟ್ಟಿಸಿ ಹತ್ತಿಯಲ್ಲಿ ಒಂದು ಸುತ್ತು ತಿಕ್ಕಿದರೆ ಹಿತ್ತಾಳೆ ಚರಿಗೆಯ ಒಳಗೆಲ್ಲ ಬೆಳ್ಳಿಯ ಬಣ್ಣ. ಆ ಹೊಗೆಯ ವಾಸನೆ ನನ್ನ ಮೂಗಿನಲ್ಲಿ ಇನ್ನೂ ಉಂಟು. ಕಲಾಯಿ ಇಲ್ಲದ ಪಾತ್ರೆಯಲ್ಲಿ ಹುಣಸೆಹುಳಿಯ ಸಾರು ಇಟ್ಟರೆ ಕಿಲುಬು ಬರುತ್ತಿತ್ತಲ್ಲ, ಉಪ್ಪುಗಾಳಿಗೆ ಬರಿಯ ತಾಮ್ರದ ತಂತಿ ಮಾಡುವುದೂ ಅದನ್ನೇ. ಮೇಲೆ ಪ್ಲಾಸ್ಟಿಕ್ ಹೊಳೆಯುತ್ತಿರುತ್ತದೆ, ಸಿಪ್ಪೆ ಸುಲಿದರೆ ಒಳಗೆ ಒಂದು ಗೇಣು ದೂರ ಹಸಿರು ಪುಡಿ. ಬೋಟಿನ ವೈರಿನಲ್ಲಿ ಪ್ರತಿ ಎಳೆಗೂ ತವರ ಲೇಪ ಇರಬೇಕು ಅನ್ನುವುದು ಅದಕ್ಕೇ. ಕೇರಿಯಿಂದ ಹೋದ ಕಲಾಯಿ ಬೋಟಿನೊಳಗೆ ಬದುಕಿಕೊಂಡಿದೆ ನೋಡಿ, ನನಗೆ ಅದೊಂದು ಸಂತೋಷ.

ಅಂದಹಾಗೆ, ವೈರು ಸೇರಿಸುವಾಗ ಬೆಸುಗೆ ಹಾಕಿದರೆ ಗಟ್ಟಿ ಅಂತ ಎಲ್ಲರ ನಂಬಿಕೆ. ಮನೆಯ ರೇಡಿಯೋಕ್ಕೆ ಸರಿ. ಬೋಟಿನಲ್ಲಿ ಎಂಜಿನ್ ಹಗಲು ರಾತ್ರಿ ನಡುಗುತ್ತಿರುತ್ತದೆ. ಬೆಸುಗೆ ಮುಗಿದು ಮೆದು ತಂತಿ ಶುರುವಾಗುವ ಜಾಗವೇ ಬಳುಕಿ ಬಳುಕಿ ಕೊನೆಗೆ ತುಂಡಾಗುತ್ತದೆ. ಒತ್ತಿ ಕೂರಿಸುವ ಲಗ್, ಅದರ ಮೇಲೆ ಬಿಸಿ ತಾಗಿದರೆ ಕುಗ್ಗುವ ಅಂಟಿನ ಕೊಳವೆ, ಅದೇ ಬಾಳಿಕೆಗೆ. ವೈರು ಸೆಟ್ಟಿಗೆ ಸೇರುವ ಮುಂಚೆ ಕೆಳಗೊಂದು ಜೋಲು ಬಿಡಬೇಕು, ನೀರು ಹನಿ ಹನಿಯಾಗಿ ಅಲ್ಲೇ ಬಿದ್ದುಹೋಗಲಿ ಅಂತ. ಫ್ಯೂಸ್ ಬ್ಯಾಟರಿಯ ಬುಡದಲ್ಲೇ ಇರಬೇಕು. ಎರಡೂ ತುದಿಗೆ ಚೀಟಿ ಅಂಟಿಸಬೇಕು. ಭಾವನ ಮಗಳು ಕೂತು ಎಲ್ಲದಕ್ಕೂ ಕನ್ನಡದಲ್ಲೇ ಹೆಸರು ಬರೆದು ಅಂಟಿಸಿದ್ದಾಳೆ, 'ಮೀನು', 'ದಾರಿ', 'ಮಾತು', 'ದೀಪ' ಅಂತ. ಎಷ್ಟು ಚೆಂದ ಕಾಣುತ್ತದೆ ಗೊತ್ತಾ!

ಒಂದು ಸೆಟ್ಟಿನ ಮಾತು ಇನ್ನೊಂದಕ್ಕೆ ತಿಳಿಸುವ ಸಂಗತಿ ಬೇರೆಯೇ ಕಥೆ. ಹಳೇ ಪದ್ಧತಿ ಎನ್‌ಎಂಇಎ 0183, ಸೆಕೆಂಡಿಗೆ 4800 ಬಿಟ್ ವೇಗ. ಒಬ್ಬನ ಬಾಯಿಯ ವೈರನ್ನು ಇನ್ನೊಬ್ಬನ ಕಿವಿಗೆ ಕೊಡಬೇಕು. ಬಾಯಿಗೆ ಬಾಯಿ ಕೊಟ್ಟರೆ ಇಬ್ಬರೂ ಕಿರುಚುತ್ತಾರೆ, ಯಾರಿಗೂ ಕೇಳುವುದಿಲ್ಲ. ಬಣ್ಣ ನೋಡಿ ಸೇರಿಸುವ ಅಂದರೆ ಒಂದೊಂದು ಕಂಪನಿಗೆ ಒಂದೊಂದು ಬಣ್ಣ. ಹೊಸ ಎನ್‌ಎಂಇಎ 2000ದಲ್ಲಿ ಆ ಗೋಳಿಲ್ಲ, ಒಂದೇ ಬೆನ್ನೆಲುಬಿನ ವೈರಿಗೆ ಎಲ್ಲರೂ ತಗಲಿಕೊಳ್ಳುತ್ತಾರೆ. ಅದರ ಎರಡು ತುದಿಗೂ 120 ಓಮ್‌ನ ಒಂದೊಂದು ಮುಚ್ಚಳ ಬೇಕು. ಕರೆಂಟ್ ತೆಗೆದು ಮೀಟರ್ ಹಿಡಿದರೆ ಎರಡೂ ಸೇರಿ 60 ಬಂತೋ, ಸರಿ. 120 ಬಂತೋ, ಒಂದು ಮುಚ್ಚಳ ಎಲ್ಲೋ ಕಳಚಿದೆ. ಇಷ್ಟು ಸುಲಭದ ಪರೀಕ್ಷೆ ಬೇರೆ ಉಂಟಾ?

ಮೀನಿನ ಸೆಟ್ಟಿನ ಪ್ರಾಣ ಇರುವುದು ಪರದೆಯಲ್ಲಲ್ಲ, ಬೋಟಿನ ತಳದಲ್ಲಿ. ಟ್ರಾನ್ಸ್‌ಡ್ಯೂಸರಿಗೆ ನೀರ್ಗುಳ್ಳೆ ಆಗುವುದಿಲ್ಲ; ಗಾಳಿ ಸಿಕ್ಕಿದಲ್ಲಿಗೆ ಶಬ್ದ ಮುಂದೆ ಹೋಗುವುದಿಲ್ಲ. ಹಾಗಾಗಿ ಪ್ರೊಪೆಲ್ಲರಿನಿಂದ ದೂರ, ನೊರೆ ಹಾಯದ ಜಾಗ ಹುಡುಕಬೇಕು. 200 ಕಿಲೋಹರ್ಟ್ಸ್ ಅಂದರೆ ಸಣ್ಣದನ್ನೂ ಬಿಡಿಬಿಡಿಯಾಗಿ ತೋರಿಸುತ್ತದೆ, ಆಳಕ್ಕೆ ಹೋಗುವಾಗ ಸುಸ್ತಾಗುತ್ತದೆ. 50 ಆಳಕ್ಕೆ ಇಳಿಯುತ್ತದೆ, ಆದರೆ ಅಗಲ ಕಾಣುವ ಭರದಲ್ಲಿ ಎಲ್ಲ ಕಲಸಿಬಿಡುತ್ತದೆ. ಉಪ್ಪುನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, 30 ಮೀಟರ್ ಆಳಕ್ಕೆ ಹೋಗಿ ಬರಲು ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು. ಮೀನಿನ ಮೈಗಿಂತ ಅದರ ಹೊಟ್ಟೆಯೊಳಗಿನ ಗಾಳಿಚೀಲವೇ ಆ ಶಬ್ದವನ್ನು ಜೋರಾಗಿ ವಾಪಸ್ ಕಳಿಸುವುದು. ಬೊಂಡಾಸಿಗೆ ಆ ಚೀಲವೇ ಇಲ್ಲವಲ್ಲ, ಹಿಂಡುಗಟ್ಟಲೆ ಇದ್ದರೂ ಪರದೆಯಲ್ಲಿ ಮಂಕು ಮಂಕು. ಅದನ್ನು ಗುರುತಿಸಲು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕು.

ಇನ್ನೊಂದು, ಪರದೆಯ ಬಲ ಅಂಚು ಮಾತ್ರ ಈ ಕ್ಷಣ. ಎಡಕ್ಕೆ ಸರಿದದ್ದೆಲ್ಲ ದಾಟಿ ಬಂದದ್ದು. ಹೊಸ ಹುಡುಗರು ಅದನ್ನು ಬೋಟಿನ ಮುಂದಿರುವ ಚಿತ್ರ ಅಂತಲೇ ನಂಬುತ್ತಾರೆ. ಬೋಟು ನಿಂತಿದ್ದರೂ ಚಿತ್ರ ಓಡುತ್ತಲೇ ಇರುತ್ತದೆ. ಕೆಳಗೆ ಒಂದೇ ಮೀನು ಸುಮ್ಮನೆ ನಿಂತಿದ್ದರೆ ಉದ್ದಕ್ಕೆ ಗೆರೆ ಎಳೆದುಬಿಡುತ್ತದೆ, ಇಷ್ಟುದ್ದದ ಮೀನಾ ಅಂತ ಬೆರಗಾಗಬೇಕು! ತಳ ಕಲ್ಲಾದರೆ ದಪ್ಪ ಗೆರೆ, ಅದರ ಎರಡರಷ್ಟು ಆಳದಲ್ಲಿ ಇನ್ನೊಂದು ಗೆರೆ. ಶಬ್ದ ಬೋಟಿಗೂ ತಳಕ್ಕೂ ನಡುವೆ ಎರಡು ಸಲ ಚೆಂಡಾಡಿದ್ದು. ಬಲೆ ಹರಿಯುವ ಜಾಗ ಅದೇ, ಅಲ್ವಾ? ಹಾಯಿಹಡಗಿನ ಕಾಲದವರು ಸೀಸದ ಗುಂಡಿನ ಬುಡಕ್ಕೆ ಕೊಬ್ಬು ಮೆತ್ತಿ ಇಳಿಸಿ, ಅಂಟಿ ಬಂದದ್ದು ಮರಳೋ ಕೆಸರೋ ಅಂತ ನೋಡುತ್ತಿದ್ದರಂತೆ. ಈ ಮೀನಿನ ಸೆಟ್ಟನ್ನು ಮೀನುಗಾರರ ಕೈಗೆ ಮೊದಲು ಕೊಟ್ಟ ಜಪಾನಿನ ಫುರುನೊ ಸಹೋದರರೂ ದೊಡ್ಡ ಪ್ರಯೋಗಾಲಯದವರಲ್ಲ. ನಾಗಸಾಕಿ ಪ್ರಾಂತದಲ್ಲಿ ರೇಡಿಯೋ ರಿಪೇರಿ, ಬೋಟುಗಳ ಕರೆಂಟ್ ಕೆಲಸ ಮಾಡಿಕೊಂಡಿದ್ದವರು. 1948ರಲ್ಲಿ ಬಳಕೆಗೆ ಬರುವಂಥ ಫಿಶ್ ಫೈಂಡರ್ ತಂದರು. ಕ್ಯಾಬಿನ್ ಒಳಗೆ ಬೆನ್ನು ಬಗ್ಗಿಸಿ ವೈರು ಎಳೆಯುವವರಿಗೆ ಅವರು ಮನೆಯವರ ಹಾಗೆಯೇ ಅನಿಸುತ್ತಾರೆ.

ಹಳೇ ಜಿಪಿಎಸ್ ಬಿಚ್ಚುವ ಮೊದಲು ಅದರೊಳಗಿನ ಗುರುತುಗಳನ್ನೆಲ್ಲ ಬರೆದುಕೊಳ್ಳಬೇಕು. ಇಲ್ಲಿ ಕಲ್ಲು, ಇಲ್ಲಿ ಮುಳುಗಿದ ಬೋಟು, ಇಲ್ಲಿ ಅಂಜಲ್ ಸಿಕ್ಕಿದ್ದು. ಅದು ಮಾವನ ಕಾಲದ ಆಸ್ತಿ, ಚಿನ್ನಕ್ಕಿಂತ ಹೆಚ್ಚು. ಬರೆಯುವಾಗ ಚುಕ್ಕಿಯ ಮೇಲೆ ಗಮನ ಇರಲಿ. 13 ಡಿಗ್ರಿ 21.50 ನಿಮಿಷ ಅಂತ ಇದ್ದದ್ದನ್ನು 21 ನಿಮಿಷ 50 ಸೆಕೆಂಡ್ ಅಂತ ಹೊಸದಕ್ಕೆ ತುಂಬಿದರೆ, ಗುರುತು 600 ಮೀಟರಿಗೂ ಹೆಚ್ಚು ಬಡಗಕ್ಕೆ ಹೋಗಿ ಕೂರುತ್ತದೆ. ಕಲ್ಲು ಎಲ್ಲಿತ್ತೋ ಅಲ್ಲೇ ಇರುತ್ತದೆ, ಬಲೆ ಹೋಗುವುದು ನಮ್ಮದು.

ಆ ಹಳೇ ಸೆಟ್ಟಿನ ಒಂದು ಚೋದ್ಯ ನೋಡಿ. ಜಾಗ ಕರಾರುವಾಕ್ಕಾಗಿ ತೋರಿಸುತ್ತದೆ, ತಾರೀಖು ಮಾತ್ರ ಹತ್ತೊಂಬತ್ತು ಚಿಲ್ಲರೆ ವರ್ಷ ಹಿಂದಿನದು. ಉಪಗ್ರಹಗಳು ವಾರಗಳನ್ನು 1023ರ ತನಕ ಮಾತ್ರ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತವೆ. 2019ರ ಏಪ್ರಿಲ್ ಮೊದಲ ವಾರದಲ್ಲಿ ಹಾಗೆ ಸೊನ್ನೆಗೆ ಬಂದಾಗ ಕೆಲವು ಹಳೇ ಸೆಟ್ಟುಗಳಿಗೆ ಅದು ತಿಳಿಯಲೇ ಇಲ್ಲ. ಭಾವ ಅದನ್ನು ಗುಜರಿಗೆ ಕೊಡಲು ಒಪ್ಪಲಿಲ್ಲ. ನಾನೂ ಬೇಡ ಅಂದೆ. ಪಕ್ಕದಲ್ಲೇ ಸಣ್ಣ ಬ್ಯಾಟರಿಗೆ ಹಾಕಿಟ್ಟಿದ್ದೇವೆ. ಹೊಸದು ಬಾಲ ಬಿಚ್ಚಿದರೆ ಮನೆಗೆ ದಾರಿ ತೋರಿಸಲು ಇರಲಿ. ತಾರೀಖಿಗೆ ಕ್ಯಾಲೆಂಡರ್ ಉಂಟು.

2018ರ ಡಿಸೆಂಬರಿನಲ್ಲಿ 'ಸುವರ್ಣ ತ್ರಿಭುಜ' ಬೋಟು ಏಳು ಜನರೊಂದಿಗೆ ಕಾಣೆಯಾದ ದಿನಗಳು ಈ ಕೇರಿಯಲ್ಲಿ ಯಾರಿಗೆ ಮರೆತಿದೆ ಹೇಳಿ? ಮರುವರ್ಷ ಮೇ ತಿಂಗಳಲ್ಲಿ ನೌಕಾಪಡೆಯವರು ಮಾಲ್ವಣದ ಆಚೆ ಅದರ ಅವಶೇಷ ಪತ್ತೆ ಮಾಡುವವರೆಗೆ ಆ ಮನೆಗಳವರು ಹೇಗೆ ದಿನ ಕಳೆದರೋ. ಅದಕ್ಕೇ ಹೊಸ ಟ್ರಾನ್ಸ್‌ಪಾಂಡರ್ ವಿಷಯದಲ್ಲಿ ನಾನು ಭಾವನ ಬೆನ್ನು ಬಿಡುವುದಿಲ್ಲ. ಇಸ್ರೋದವರು ರೂಪಿಸಿದ್ದು, 2024ರ ಆಗಸ್ಟ್ 30ರಂದು ಪಾಲ್ಘರಿನಲ್ಲಿ ಚಾಲನೆ ಸಿಕ್ಕಿತಲ್ಲ, 13 ಕರಾವಳಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಒಂದು ಲಕ್ಷ ಬೋಟುಗಳಿಗೆ ಅಂತ. ಮೊಬೈಲ್ ಸಿಗ್ನಲ್ ಮುಗಿದ ಮೇಲೂ ಉಪಗ್ರಹದ ಮೂಲಕ ಎರಡೂ ಕಡೆಯಿಂದ ಸಂದೇಶ ಹೋಗಿಬರುತ್ತದೆ. ಕ್ಯಾಬಿನ್ ಮೇಲೆ ಆಕಾಶ ಬಿಚ್ಚಿ ಕಾಣುವ ಜಾಗ ಅದಕ್ಕೆ ಬೇಕು. ಈಗ ಅಲ್ಲಿ ಒಣಮೀನಿನ ಚೀಲ ಒಂದು, ಹಳೇ ಟೈರು ಎರಡು. ಮೊದಲು ಅವನ್ನು ಇಳಿಸಬೇಕು.

ಇಷ್ಟೆಲ್ಲ ಆದ ಮೇಲೂ ದಿಕ್ಸೂಚಿಗೆ ಅದರ ಮರ್ಯಾದೆ ಕೊಡಲೇಬೇಕು. ಹೊಸ ಸೆಟ್ಟಿನ ಭರದಲ್ಲಿ ಅದರ ಮಗ್ಗುಲಿಗೇ ಸ್ಪೀಕರ್ ಕೂರಿಸುತ್ತಾರೆ, ಯಕ್ಷಗಾನದ ಪದ ಕೇಳಲು. ಸ್ಪೀಕರಿನ ಒಳಗಿರುವುದು ದೊಡ್ಡ ಅಯಸ್ಕಾಂತ! ಮೊಬೈಲ್ ಅಂಟಿಸುವ ಹಿಡಿಯೂ ಅಯಸ್ಕಾಂತವೇ. ಹತ್ತಿರದಲ್ಲಿ ಹಾಯುವ ಪ್ಲಸ್ ಮೈನಸ್ ವೈರುಗಳನ್ನು ಜಡೆ ಹೆಣೆದ ಹಾಗೆ ಒಂದಕ್ಕೊಂದು ಸುತ್ತಿ ಎಳೆದರೆ ಒಂದರ ಸೆಳೆತವನ್ನು ಇನ್ನೊಂದು ಕೊಲ್ಲುತ್ತದೆ, ಮುಳ್ಳು ಅಲ್ಲಾಡುವುದಿಲ್ಲ. ಬೋಟು ನೀರಿಗಿಳಿದ ದಿನ ಒಂದೊಂದೇ ಸ್ವಿಚ್ ಹಾಕಿ ಆರಿಸಿ ಮುಳ್ಳಿನ ಮೇಲೆ ಕಣ್ಣಿಡುವುದು ಅಂತ ಮಾತಾಗಿದೆ. ಸ್ಪೀಕರ್ ಹಿಂದಿನ ಗೋಡೆಗೆ ಹೋಯಿತು. ಪದ ಅಲ್ಲಿಂದಲೂ ಕೇಳುತ್ತದೆ.

ಇನ್ನು ಬಾಕಿ ಇರುವುದು ಆ ಕುಗ್ಗುವ ಕೊಳವೆಗೆ ಬಿಸಿ ಕೊಡುವುದು. ಬೆಂಕಿಕಡ್ಡಿ ಗೀರಿದರೆ ಒಂದು ಬದಿ ಸುಟ್ಟು ಇನ್ನೊಂದು ಬದಿ ಹಸಿ ಉಳಿಯುತ್ತದೆ, ಅದು ನನಗೆ ಸರಿ ಬರುವುದಿಲ್ಲ. ನಿಮ್ಮ ಹುಡುಗ ಪೈಂಟ್ ಕೀಳಲಿಕ್ಕೆ ಒಂದು ಹೀಟ್ ಗನ್ ತಂದಿದ್ದ ಅಲ್ವಾ? ಮನೆಯಲ್ಲಿ ಉಂಟಾ, ಅಥವಾ ಯಾರಿಗಾದರೂ ಕೊಟ್ಟಿದ್ದೀರಾ?