ಗೌಡರ ಎರಡು ಬ್ಯಾರನ್

ಇಂಗ್ಲಿಷ್ ಮತ್ತು ಡೇನಿಷ್ ಒಂದೇ ಜರ್ಮಾನಿಕ್ ಕುಟುಂಬದ ಭಾಷೆಗಳಾದರೂ ಅವೇ ಅಕ್ಷರಗಳಲ್ಲಿ ಬರೆದು ಬೇರೆಯೇ ಅರ್ಥ ಕೊಡುವ ಪದಗಳು ಅವುಗಳಲ್ಲಿ ಹಲವಿದ್ದು, ಅಂಥದೊಂದಾದ ‘ಬಾರ್ನ್’ ವರ್ಜೀನಿಯಾ ಹೊಗೆಸೊಪ್ಪಿನ ಜೊತೆಗೆ ಪಿರಿಯಾಪಟ್ಟಣದ ಸೀಮೆಗೆ ಬಂದು, ಸೊಪ್ಪನ್ನು ಕಡ್ಡಿಗೆ ಕಟ್ಟಿ ತೂಗುಹಾಕಿ ಬಿಸಿಯಲ್ಲಿ ಹದಗೊಳಿಸುವ ಮನೆಗೆ ‘ಬ್ಯಾರನ್’ ಎಂಬ ಹೆಸರಾಗಿ ನೆಲೆನಿಂತಿದೆ. ಕಂಪಲಾಪುರದ ಹರಾಜು ಮಾರುಕಟ್ಟೆಯ ಬಳಿಯ ಹೋಟೆಲಿನಲ್ಲಿ ಬೆಳೆಗಾರ ಗೌಡರಿಗೂ ನಿವೃತ್ತ ಮೇಷ್ಟ್ರಿಗೂ ನಡೆದ ಮಾತುಕತೆ ಈ ಪದದಿಂದಲೇ ಹೊರಟಿತು.

“ಗೌಡ್ರೇ, ತಮಗೆ ಬ್ಯಾರನ್ ಎಷ್ಟು?”

“ಎರಡು ಮೇಷ್ಟ್ರೇ. ಒಂದಕ್ಕೆ ತಂಬಾಕು ಮಂಡಳಿಯ ಲೈಸೆನ್ಸ್ ಇದೆ, ಇನ್ನೊಂದಕ್ಕಿಲ್ಲ; ಅದು ತೋಟದ ಹಿಂದುಗಡೆ ಇರುವುದರಿಂದ ಯಾರ ಕಣ್ಣಿಗೂ ಬಿದ್ದಿಲ್ಲ.”

“ಡೆನ್ಮಾರ್ಕಿನಲ್ಲಿ ಹೀಗೆ ಬಾಯಿ ಬಿಟ್ಟೀರಿ, ಜೋಕೆ! ಅಲ್ಲಿ ‘ಬಾರ್ನ್’ ಎಂದರೆ ಮಗು.”

ಗೌಡರು ಲೋಟವನ್ನು ಕೆಳಗಿಟ್ಟು, ಬೀಗರ ಕಡೆಯವರು ಯಾರಾದರೂ ಪಕ್ಕದಲ್ಲಿ ಕೂತಿದ್ದಾರೆಯೇ ಎಂದು ಒಮ್ಮೆ ನೋಡಿಕೊಂಡರು.

“ಅಯ್ಯೋ, ಅದಕ್ಕೆ ಹಗಲೂ ರಾತ್ರಿ ಸೌದೆ ಒಟ್ಟಿ ಉರಿ ಹಾಕುತ್ತೇನೆ ಅಂತಲೂ ಹೇಳುವವನಿದ್ದೆ!”

ಇಂಗ್ಲಿಷಿನ ‘ಬಾರ್ನ್’ ಬಾರ್ಲಿ ಮತ್ತು ಮನೆ ಎಂಬರ್ಥದ ಎರಡು ಹಳೆಯ ಪದಗಳು ಕೂಡಿ ಸವೆದು ಉಳಿದ ಸಮಾಸವೆಂದೂ, ಡೇನಿಷಿನದು ಹೊರು, ಹೆರು ಎಂಬರ್ಥದ ಧಾತುವಿನಿಂದ ಹುಟ್ಟಿದ್ದೆಂದೂ, ಹೀಗಾಗಿ ಇವೆರಡಕ್ಕೂ ರಕ್ತಸಂಬಂಧವಿಲ್ಲವೆಂದೂ ಮೇಷ್ಟ್ರು ಬಿಡಿಸಿ ಹೇಳಿದರು. ಗೌಡರಿಗೆ ರಕ್ತಸಂಬಂಧದ ಮಾತು ಆ ಹೊತ್ತಿನಲ್ಲಿ ಅಷ್ಟಾಗಿ ರುಚಿಸಲಿಲ್ಲ.

“ಆ ಡೇನರಿಗೂ ನಮಗೂ ಎಲ್ಲಿಯ ನಂಟು ಮೇಷ್ಟ್ರೇ?”

“ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಬಂಗಾಳದ ಶ್ರೀರಾಮಪುರದಲ್ಲಿ. ಆ ಊರು ಆಗ ಡೇನರದು. 1845ರಲ್ಲಿ ಇಂಗ್ಲಿಷರ ಕೈಸೇರಿತು.”

“ಹಾಗಾದರೆ ನಮ್ಮ ವಿಭಕ್ತಿಗಳಿಗೆ ಲೈಸೆನ್ಸ್ ಸಿಕ್ಕಿದ್ದು ಅವರ ಊರಿನಲ್ಲೇ ಅನ್ನಿ! ಇರಲಿ, ನಾಳೆ ಅಣ್ಣನ ಮಗಳ ಮದುವೆ, ಒಂದು ಗಿಫ್ಟ್ ತರಬೇಕು.”

“ಡೇನಿಷಿನಲ್ಲಿ ‘ಗಿಫ್ಟ್’ ವಿಷ, ಮದುವೆಯಾದವರು ಎನ್ನುವುದಕ್ಕೂ ಅದೇ ಪದ. ಮೂಲ ಧಾತು ಕೊಡು ಎಂಬುದೇ. ಹೆಣ್ಣು ಕೊಡುವುದು ಒಂದು ಕವಲಾಯಿತು, ಮದ್ದು ಕೊಡುವುದು ಇನ್ನೊಂದು ಕವಲಾಯಿತು.”

“ಹಾಗಿದ್ದರೆ ಮುಯ್ಯಿಗೆ ಅವರು ಏನೆನ್ನುತ್ತಾರೆ?”

“ಉಡುಗೊರೆಗೆ ಅವರದು ಬೇರೆ ಪದ. ಅದರ ಅಕ್ಷರಗಳನ್ನು ಇಂಗ್ಲಿಷಿನಂತೆ ಓದಿದರೆ ‘ಗೇವ್’, ಅಂದರೆ ಕೊಟ್ಟೆ ಎಂಬ ಭೂತಕಾಲದ ಕ್ರಿಯಾಪದ.”

“ಅದು ಸರಿಯಾಗಿದೆ ಬಿಡಿ,” ಎಂದು ಗೌಡರು ಟವಲು ಹೆಗಲಿಗೇರಿಸಿದರು. “ನಾನು ಹಾಕಿದ ಮುಯ್ಯೆಲ್ಲ ಭೂತಕಾಲದಲ್ಲೇ ಇದೆ, ಒಂದೂ ವಾಪಸು ಬಂದಿಲ್ಲ.”