ದೋಣಿಗೆ ಅಡ್ಡಿಯಿಲ್ಲ

ನಮ್ಮ ತಾಲ್ಲೂಕಿಗೆ ಸಾರಿಗೆ ಯೋಜನೆ ಬಂದಿದೆ. ಬಸ್ಸು ಆಮೇಲೆ ಬರುತ್ತದಂತೆ. ಯೋಜನೆಯ ಪೂರ್ತಿ ಹೆಸರು ‘ಸಮಗ್ರ ಗ್ರಾಮೀಣ ಚಲನಶೀಲತಾ ಕಾರ್ಯಯೋಜನೆ, ಕರಡು’. ಇಷ್ಟುದ್ದದ ಹೆಸರು ಯಾವ ಬಸ್ಸಿನ ಬೋರ್ಡಿನಲ್ಲೂ ಹಿಡಿಯುವುದಿಲ್ಲ. ಹಾಗಾಗಿ ಇದಕ್ಕೂ ಬಸ್ಸಿಗೂ ಸಂಬಂಧವಿಲ್ಲ ಎಂಬುದು ಮುಖಪುಟದಲ್ಲೇ ಖಾತ್ರಿಯಾಗುತ್ತದೆ. ತಾಲ್ಲೂಕು ಯಾವುದು ಅಂತ ಮಾತ್ರ ಕೇಳಬೇಡಿ. ಹೆಸರು ಹೇಳಿದರೆ ಬೆಳಗ್ಗೆ ಬರುವ ಆ ಒಂದು ಬಸ್ಸಿಗೂ ಕುತ್ತು ಬಂದೀತು. ಬಯಲುಸೀಮೆ ಕಡೆಯದು, ಅಷ್ಟು ಸಾಕು.

ಯೋಜನೆ ತಯಾರಿಸಿದ್ದು ಬೆಂಗಳೂರಿನ ಒಂದು ಸಲಹಾ ಸಂಸ್ಥೆ. ಜನರ ಅಭಿಪ್ರಾಯ ಕೇಳದೆ ಏನೂ ಮಾಡಬಾರದು ಅಂತ ನಿಯಮವಿದೆಯಲ್ಲ, ಆದ್ದರಿಂದ ತಾಲ್ಲೂಕು ಪಂಚಾಯಿತಿ ಸಭಾಂಗಣದಲ್ಲಿ ಹನ್ನೊಂದು ಗಂಟೆಗೆ ಸಮಾಲೋಚನಾ ಸಭೆ ಕರೆದರು. ನಮ್ಮ ಕಡೆಯ ಬಸ್ಸು ಪಟ್ಟಣ ಮುಟ್ಟುವುದು ಎಂಟಕ್ಕೆ. ಹಿಂದಕ್ಕೆ ಹೊರಡುವುದು ಒಂದೂಕಾಲಿಗೆ, ಅದು ತಪ್ಪಿದರೆ ಸಂಜೆ ಆರಕ್ಕೆ. ಎಂಟಕ್ಕೇ ಬಂದಿಳಿದ ಜನ ಹೋಟೆಲು, ಬ್ಯಾಂಕು, ಔಷಧಿ ಅಂಗಡಿ ಎಲ್ಲ ಸುತ್ತಿ ಹನ್ನೊಂದಕ್ಕೆ ಸಭಾಂಗಣದಲ್ಲಿ ಕೂತರು. ಸಾಹೇಬರು ಬಂದಾಗ ಹನ್ನೆರಡೂವರೆ. ಪ್ರೊಜೆಕ್ಟರಿಗೂ ಲ್ಯಾಪ್‌ಟಾಪಿಗೂ ಹೊಂದಾಣಿಕೆಯಾಗುವಷ್ಟರಲ್ಲಿ ಒಂದು. ಪರದೆಯ ಮೇಲೆ ಮೊದಲ ಚಿತ್ರ ಮೂಡಿದ್ದೇ ತಡ, ಜನರೆಲ್ಲ ಎದ್ದು ಬಸ್‌ಸ್ಟ್ಯಾಂಡಿನ ಕಡೆ ಓಡಿದರು. ನಡಾವಳಿ ಪುಸ್ತಕದಲ್ಲಿ ಬರೆದದ್ದು: ‘ಸಾರ್ವಜನಿಕರ ಸ್ಪಂದನೆ ನೀರಸವಾಗಿತ್ತು.’

ಸಮೀಕ್ಷೆಯೂ ನಡೆದಿದೆ. ಒಂದು ಸೋಮವಾರ ಮಟಮಟ ಮಧ್ಯಾಹ್ನ ಇಬ್ಬರು ಹುಡುಗರು ಕಾರಿನಲ್ಲಿ ಬಂದು, ನಮ್ಮೂರ ಸ್ಟಾಪಿನಲ್ಲಿ ಕಾರು ನಿಲ್ಲಿಸಿ, ಎ.ಸಿ. ಹಾಕಿಕೊಂಡು ಅರ್ಧ ಗಂಟೆ ಪ್ರಯಾಣಿಕರನ್ನು ಎಣಿಸಿದರು. ಆ ಹೊತ್ತಿಗೆ ಬಸ್ಸಿಲ್ಲ, ಬಸ್ಸಿಲ್ಲದ್ದರಿಂದ ಜನರಿಲ್ಲ. ಜನರಿಲ್ಲದ್ದರಿಂದ ‘ಪ್ರಯಾಣ ಬೇಡಿಕೆ ನಗಣ್ಯ’ ಎಂದು ವರದಿಯಾಯಿತು. ಬೇಡಿಕೆ ನಗಣ್ಯವಾದ ಕಡೆ ಬಸ್ಸು ಬಿಡುವಂತಿಲ್ಲವೆಂಬುದು ಮುಂದಿನ ಅಧ್ಯಾಯ. ಸಂತೆ ಗುರುವಾರ ಎನ್ನುವ ಸಂಗತಿ ಮಾತ್ರ ಯಾವ ಅಧ್ಯಾಯದಲ್ಲೂ ಇಲ್ಲ.

ಡಿಪೋದಲ್ಲಿ ಕೇಳಿದರೆ ಒಂದೇ ಮಂತ್ರ: ಇಪಿಕೆಎಂ. ಅಂದರೆ ಬಸ್ಸು ಒಂದು ಕಿಲೋಮೀಟರು ಓಡಿದರೆ ಎಷ್ಟು ದುಡಿಯಿತು ಎಂಬ ಲೆಕ್ಕ. ನಮ್ಮ ಮಾರ್ಗದ ದುಡಿಮೆ ಡೀಸೆಲ್ಲಿಗೂ ಸಾಲದಂತೆ. ಇರಬಹುದು, ಅದನ್ನು ಸುಳ್ಳೆನ್ನಲು ನನ್ನ ಬಳಿ ಲೆಕ್ಕವಿಲ್ಲ. ಆದರೆ ಅದೇ ಬಸ್ಸು ಓಡಬೇಕಾದ ರಸ್ತೆಯನ್ನು ಯಾರೂ ಈ ಪ್ರಶ್ನೆ ಕೇಳಿಲ್ಲ ನೋಡಿ. 2000ನೇ ಇಸವಿಯ ಡಿಸೆಂಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲು ಪ್ರದೇಶದಲ್ಲಿ 500 ಜನರಿರುವ ಊರಿಗೂ ಸರ್ವಋತು ರಸ್ತೆ ಬೇಕು ಎಂದಿತು. ನಮಗೂ ಬಂತು. ಒಳ್ಳೆಯ ರಸ್ತೆ, ಸುಳ್ಳೇಕೆ ಹೇಳಲಿ. ಐದು ವರ್ಷ ನಿರ್ವಹಣೆಯ ಹೊಣೆ ಗುತ್ತಿಗೆದಾರರದೇ ಎಂದು ಬರೆದ ಫಲಕವೂ ಇದೆ. ಆ ರಸ್ತೆ ಕಿಲೋಮೀಟರಿಗೆ ಎಷ್ಟು ಸಂಪಾದಿಸಿತು, ನಷ್ಟವಾದರೆ ಅಗೆದು ವಾಪಸು ಒಯ್ಯುತ್ತೀರಾ ಅಂತ ಯಾವ ಸಾಹೇಬರೂ ಕೇಳಲಿಲ್ಲ. ರಸ್ತೆ ಅಭಿವೃದ್ಧಿ, ಬಸ್ಸು ಖರ್ಚು. ರಸ್ತೆಗೊಬ್ಬ ಗುತ್ತಿಗೆದಾರನಿದ್ದಾನೆ. ಬಸ್ಸಿಗೆ ಇರುವವಳು ಬಿ.ಎ. ಎರಡನೇ ವರ್ಷದ ಹುಡುಗಿ, ಬ್ಯಾಗು ಹಿಡಿದು ಕಾಯುವವಳು. ಇಬ್ಬರಲ್ಲಿ ಯಾರ ಮಾತು ವಿಧಾನಸೌಧದವರೆಗೆ ಕೇಳಿಸುತ್ತದೆಂದು ಊಹಿಸಲು ಸಲಹಾ ಸಂಸ್ಥೆ ಬೇಕಿಲ್ಲ.

ಮೊದಲು ನಮ್ಮೂರಿಗೆ ಹಾಲ್ಟಿಂಗ್ ಬಸ್ಸಿತ್ತು. ರಾತ್ರಿ ಒಂಬತ್ತಕ್ಕೆ ಬಂದು ಅರಳಿಕಟ್ಟೆ ಮುಂದೆ ಮೂತಿ ತಿರುಗಿಸಿ ನಿಂತರೆ ಊರಿಗೆ ಧೈರ್ಯ. ಡ್ರೈವರಣ್ಣ, ಕಂಡಕ್ಟರಣ್ಣ ಕೈಕಾಲು ತೊಳೆಯುವುದರೊಳಗೆ ಯಾರ ಮನೆಯಿಂದಲಾದರೂ ಮುದ್ದೆ, ಸೊಪ್ಪಿನ ಸಾರು ಬರುತ್ತಿತ್ತು. ಕಂಡಕ್ಟರು ಹಿಂದಿನ ಉದ್ದನೆ ಸೀಟಿನಲ್ಲಿ, ಡ್ರೈವರು ಮಾರಮ್ಮನ ಗುಡಿ ಜಗಲಿಯಲ್ಲಿ ಮಲಗುತ್ತಿದ್ದರು. ಬೆಳಗಿನ ಜಾವ ಐದೂಮುಕ್ಕಾಲಿಗೆ ಎಂಜಿನ್ ಗುರ್ರೆಂದರೆ ಮಲ್ಲಿಗೆ, ಕನಕಾಂಬರದ ಮೂಟೆ, ಸೊಪ್ಪಿನ ಕಟ್ಟು, ಕಾಲೇಜು ಹುಡುಗರು, ಹೊಲಿಗೆ ಫ್ಯಾಕ್ಟರಿಗೆ ಹೋಗುವ ಹೆಣ್ಣುಮಕ್ಕಳು ಎಲ್ಲ ಒಟ್ಟಿಗೆ ಹತ್ತುತ್ತಿದ್ದರು. ತಲೆ ಬಾಚಿಕೊಳ್ಳುವುದು ಒಳಗೇ. ಕಂಡಕ್ಟರು ಹಾಜರಿ ಹಾಕಿಕೊಂಡೇ ಸೀಟಿ ಊದುತ್ತಿದ್ದದ್ದು. ಯಾರಾದರೂ ಬಂದಿಲ್ಲವೆಂದರೆ ‘ಪುಟ್ಟಿ ಎಲ್ರೀ, ಇವತ್ತು ಪರೀಕ್ಷೆ ಅಂದಿದ್ಲಲ್ಲ’ ಅಂತ ಮನೆ ಕಡೆ ಆಳು ಕಳಿಸಿದ್ದೂ ಉಂಟು. ಇದನ್ನು ಚಲನಶೀಲತಾ ದತ್ತಾಂಶ ಅನ್ನುತ್ತಾರೆಂದು ಆಗ ನಮಗೆ ಗೊತ್ತಿರಲಿಲ್ಲ.

ಹಾಲ್ಟಿಂಗ್ ಯಾಕೆ ನಿಂತಿತು? ಸಿಬ್ಬಂದಿಗೆ ಮಲಗಲು ಕೋಣೆಯಿಲ್ಲ, ಕಕ್ಕಸು ಇಲ್ಲ. ನ್ಯಾಯವಾದ ಮಾತು, ಮನುಷ್ಯರನ್ನು ಸೊಳ್ಳೆಗೆ ಒಪ್ಪಿಸಿ ಎಷ್ಟು ದಿನ ಗಾಡಿ ಓಡಿಸಲಾದೀತು? ‘ಕೋಣೆ ಕಟ್ಟಿಸಿಕೊಡಿ’ ಅಂತ ಡಿಪೋದವರು ಪಂಚಾಯಿತಿಗೆ ಪತ್ರ ಬರೆದರು. ಪಂಚಾಯಿತಿಯವರು ಶಾಸಕರ ಬಳಿ ಹೋದರು. ಶಾಸಕರಿಗೆ ಕ್ಷೇತ್ರಾಭಿವೃದ್ಧಿಗೆಂದು ವರ್ಷಕ್ಕೆ 2 ಕೋಟಿ ರೂಪಾಯಿ ಇರುತ್ತದೆ, ಸಂಸದರಿಗೆ 5 ಕೋಟಿ. ಇಬ್ಬರೂ ಉದಾರಿಗಳೇ. ಒಬ್ಬೊಬ್ಬರು ಒಂದೊಂದು ಬಸ್ ತಂಗುದಾಣ ಮಂಜೂರು ಮಾಡಿದರು. ಎರಡೂ ಎದುರುಬದುರು ನಿಂತಿವೆ. ಒಂದರ ಮೇಲೆ ಶಾಸಕರ ನಗುಮುಖ, ಇನ್ನೊಂದರ ಮೇಲೆ ಸಂಸದರ ನಗುಮುಖ. ತಂಗುದಾಣಕ್ಕೆ ಬಾಗಿಲಿಲ್ಲ, ಹಾಗಾಗಿ ಅಲ್ಲಿ ಸಿಬ್ಬಂದಿ ತಂಗುವಂತಿಲ್ಲ. ಸಿಬ್ಬಂದಿ ತಂಗದೆ ಬಸ್ಸು ತಂಗುವುದಿಲ್ಲ. ಸದ್ಯಕ್ಕೆ ಇಸ್ಪೀಟು ಬಳಗ ಬಿಸಿಲು ಸರಿದಂತೆಲ್ಲ ಈ ಕಡೆಯಿಂದ ಆ ಕಡೆಗೆ ಜಾಗ ಬದಲಾಯಿಸುತ್ತದೆ. ಕರಡು ಯೋಜನೆಯಲ್ಲಿ ಇದು ‘ಲಭ್ಯ ಸಾರಿಗೆ ಮೂಲಸೌಕರ್ಯ: 2’ ಎಂದು ದಾಖಲಾಗಿದೆ.

ಶಕ್ತಿ ಯೋಜನೆಯ ವಿಷಯ ಎತ್ತದಿದ್ದರೆ ಅಪಚಾರವಾದೀತು. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿಗೆ ಕಾಸಿಲ್ಲ. 2025ರ ಜುಲೈ ಹೊತ್ತಿಗೆ ಅಂಥ ಪ್ರಯಾಣಗಳ ಎಣಿಕೆ 500 ಕೋಟಿ ಮುಟ್ಟಿತು. ಇದನ್ನು ಗೇಲಿ ಮಾಡುವವರ ಸಾಲಿನಲ್ಲಿ ನಾನಿಲ್ಲ. ಕೂಲಿ ಹೆಂಗಸಿನ ಸೆರಗಿನ ತುದಿಯಲ್ಲಿ ದಿನಕ್ಕೆ ನಲವತ್ತು ರೂಪಾಯಿ ಉಳಿದರೆ ಅದರ ಬೆಲೆ ಅವಳಿಗೇ ಗೊತ್ತು. ನಮ್ಮೂರ ಹೆಂಗಸರೂ ಫಲಾನುಭವಿಗಳೇ. ಬೆಳಗಿನ ಬಸ್ಸು ತಪ್ಪಿದರೆ ಹೆದ್ದಾರಿವರೆಗೆ ಟೆಂಪೊಗೆ ಮೂವತ್ತು ರೂಪಾಯಿ ಕೊಡುತ್ತಾರೆ, ಅಲ್ಲಿಂದಾಚೆ ಉಚಿತ. ‘ಸರ್ಕಾರ ಟಿಕೀಟಿನ ದುಡ್ಡು ಬ್ಯಾಡ ಅಂದೈತೆ ಕಣಪ್ಪಾ, ಬಸ್ಸು ಬ್ಯಾಡ ಅಂತ ನಾವ್ಯಾವಾಗ ಅಂದ್ವಿ?’ ಅಂತ ಎಪ್ಪತ್ತು ದಾಟಿದ ನಮ್ಮ ಬೀದಿಯ ಅಜ್ಜಿ ಕೇಳುತ್ತದೆ. ಈ ಪ್ರಶ್ನೆ ‘ಪದೇ ಪದೇ ಕೇಳಲಾಗುವ ಪ್ರಶ್ನೆಗಳು’ ವಿಭಾಗದಲ್ಲಿಲ್ಲ.

ಒಳ್ಳೊಳ್ಳೆ ಬಸ್ಸುಗಳೇನೋ ನಾಡಿನಲ್ಲಿ ಬೇಕಾದಷ್ಟಿವೆ. ಐರಾವತವಿದೆ, ಅಂಬಾರಿಯಿದೆ, ರಾಜಹಂಸ, ಪಲ್ಲಕ್ಕಿ, ಕೊನೆಗೆ ಅಶ್ವಮೇಧವೂ ಬಂತು. ಇಂದ್ರನ ಆನೆಯಿಂದ ಯಾಗದ ಕುದುರೆಯವರೆಗೆ ಎಲ್ಲವೂ ಹೆದ್ದಾರಿಯಲ್ಲಿ ನಾವು ಕೈ ಅಡ್ಡ ಹಿಡಿದರೂ ನಿಲ್ಲದೆ ಹೋಗುತ್ತವೆ. ಅವು ದೂರದೂರಿಗೆ ಓಡಿ, ಸೊರಗಿ, ಕಿಟಕಿ ಗಾಜು ಕಳೆದುಕೊಂಡ ಮೇಲೆ ಬಂದು ಸೇರುವ ವಾನಪ್ರಸ್ಥಕ್ಕೆ ‘ಗ್ರಾಮಾಂತರ ಸಾರಿಗೆ’ ಅನ್ನುತ್ತಾರೋ ಏನೋ. ಹೊಸ ಎಲೆಕ್ಟ್ರಿಕ್ ಬಸ್ಸು ಕೇಳೋಣವೆಂದರೆ, 2023ರಲ್ಲಿ ಕೇಂದ್ರ ಒಪ್ಪಿದ 10,000 ಇ-ಬಸ್ಸುಗಳ ಯೋಜನೆ 3 ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳ ಕಡೆ ಮುಖ ಮಾಡಿದೆ. ನಮ್ಮೂರಿನಲ್ಲಿ ಮೂರು ಲಕ್ಷ ಜನರಾಗುವವರೆಗೆ ಕಾಯಬಹುದು, ಆದರೆ ಬಸ್ಸಿಲ್ಲದ ಊರಿನ ಗಂಡಿಗೆ ಹೆಣ್ಣು ಕೊಡುವವರೇ ಇಲ್ಲ. ಜನಸಂಖ್ಯೆ ಏರುವುದು ಹೇಗೆ?

ಸಭೆಯಲ್ಲಿ ಬಸ್ಸಿಗೆ ಓಡದೆ ಉಳಿದವರು ನಮ್ಮ ಪಂಚಾಯಿತಿ ಅಧ್ಯಕ್ಷೆ, ಏಕೆಂದರೆ ಗಂಡನ ಬೈಕಿತ್ತು. ಅವರು ಎದ್ದು ಒಂದು ಮಾತು ಕೇಳಿದರು. ‘ಸಾರ್, ಕೇರಳದಲ್ಲಿ ಪಂಚಾಯಿತಿಯವ್ರು ಡೀಸೆಲ್ ದುಡ್ಡು ಕೊಟ್ರೆ ಅಲ್ಲಿನ ಸಾರಿಗೆಯವ್ರು ಹಳ್ಳಿಗೆ ಬಸ್ಸು ಬಿಡ್ತಾರಂತೆ. ನಾವೂ ಕೊಡ್ತೀವಿ.’ ಮಾತು ನಿಜ. ‘ಗ್ರಾಮ ವಂಡಿ’ ಅಂತ ಅದರ ಹೆಸರು, 2022ರ ಜುಲೈಯಲ್ಲಿ ತಿರುವನಂತಪುರ ಜಿಲ್ಲೆಯ ಕೊಲ್ಲಯಿಲ್ ಪಂಚಾಯಿತಿಯಲ್ಲಿ ಶುರುವಾದದ್ದು. ಡೀಸೆಲ್ಲು ಸ್ಥಳೀಯ ಸಂಸ್ಥೆಯದು, ಬಸ್ಸು ನಿಗಮದ್ದು. ಸಲಹೆಗಾರರು ಕನ್ನಡಕ ಸರಿಪಡಿಸಿಕೊಂಡು, ಅಲ್ಲಿನ ಭೌಗೋಳಿಕ ಸ್ಥಿತಿಯೇ ಬೇರೆ ಎಂದರು. ಪಿಡಿಒ ಅಧ್ಯಕ್ಷೆಯ ಕಿವಿಯಲ್ಲಿ, ‘ಮೇಡಂ, ಡೀಸೆಲ್ಲಿಗೆ ಲೆಕ್ಕಶೀರ್ಷಿಕೆ ಎಲ್ಲಿದೆ? ಆಡಿಟ್‌ನಲ್ಲಿ ನನ್ನ ತಲೆ ಹೋಗುತ್ತೆ’ ಎಂದರು.

ಪಿಡಿಒ ಹೆದರಿಕೆಗೂ ಕಾರಣವಿದೆ. ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆಂದು ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯ ಪಟ್ಟಿ ಮಾಡಿತು. ಹದಿಮೂರನೆಯದು ಓದಿ: ರಸ್ತೆ, ಮೋರಿ, ಸೇತುವೆ, ಕಡವು, ಜಲಮಾರ್ಗ, ಇತರ ಸಂಪರ್ಕ ಸಾಧನಗಳು. ಬಸ್ಸು ಬೇಕಾದರೆ ಆ ‘ಇತರ’ದೊಳಗೆ ಕೈಹಾಕಿ ತಡಕಾಡಬೇಕು. ದೋಣಿಗೆ ಮಾತ್ರ ಯಾವ ಅಡ್ಡಿಯೂ ಇಲ್ಲ. ನಮ್ಮ ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ, ಹಳ್ಳದಲ್ಲಿ ಮರಳಿಗೂ ಬರ. ಆದರೂ ‘ನಮ್ಮ ಗ್ರಾಮ ನಮ್ಮ ಯೋಜನೆ’ಯ ಮುಂದಿನ ಕ್ರಿಯಾಯೋಜನೆಯಲ್ಲಿ ಒಂದು ದೋಣಿ ಸೇರಿಸುವುದೇ ಸುರಕ್ಷಿತ ಅಂತ ಪಿಡಿಒ ಅಭಿಪ್ರಾಯ.

ಇಷ್ಟರ ನಡುವೆ ನಮ್ಮೂರಿಗೆ ನಿಜವಾದ ಸಾರಿಗೆ ಯೋಜನೆಯೊಂದಿದೆ, ಅದು ಟೆಂಪೊ ಓಡಿಸುವ ಹುಡುಗನ ತಲೆಯಲ್ಲಿದೆ. ಆರೋಗ್ಯ ಕೇಂದ್ರಕ್ಕೆ ಡಾಕ್ಟರು ಯಾವ ದಿನ ಬರುತ್ತಾರೆ, ಬಂದರೂ ಎಷ್ಟು ಹೊತ್ತಿಗೆ ಎದ್ದು ಹೋಗುತ್ತಾರೆ, ಯಾವ ಸೊಸೆಗೆ ಎಷ್ಟು ತಿಂಗಳು, ನ್ಯಾಯಬೆಲೆ ಅಂಗಡಿ ಬಾಗಿಲು ಯಾವತ್ತು ತೆರೆಯುತ್ತದೆ, ಪಿಯುಸಿ ಪರೀಕ್ಷೆ ಯಾವ ಕಾಲೇಜಿನಲ್ಲಿ, ಎಲ್ಲ ಬಾಯಿಪಾಠ. ಮಧ್ಯರಾತ್ರಿ ಫೋನು ಮಾಡಿದರೂ ಎತ್ತುತ್ತಾನೆ. ಇಂಥವನನ್ನು ಸಮಾಲೋಚನೆಗೆ ಕರೆಯಲಿಲ್ಲ. ಕರೆಯುವುದು ಹೇಗೆ? ಕಾನೂನಿನ ಕಣ್ಣಿಗೆ ಅವನು ಸಾರಿಗೆಯಲ್ಲ, ಅಪರಾಧ. ಅವನದು ಮ್ಯಾಕ್ಸಿಕ್ಯಾಬ್, ಡ್ರೈವರನ್ನು ಬಿಟ್ಟು ಗರಿಷ್ಠ 12 ಜನ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇದು ಒಪ್ಪಂದದ ಗಾಡಿ. ಹನ್ನೆರಡು ಜನ ಸೇರಿ ಇಡೀ ಗಾಡಿಯನ್ನು ಬಾಡಿಗೆಗೆ ಹಿಡಿದರೆ ಸಭ್ಯ ಪ್ರಯಾಣ. ಅದೇ ಹನ್ನೆರಡು ಜನ ದಾರಿಯಲ್ಲಿ ಹತ್ತಿ, ಇಳಿದು, ತಲಾ ಮೂವತ್ತು ಕೊಟ್ಟರೆ ಪರ್ಮಿಟ್ ಉಲ್ಲಂಘನೆ. ಹಾಗಾಗಿ ಚೆಕಿಂಗ್ ಇದ್ದ ದಿನ ನಮ್ಮೂರ ಟೆಂಪೊದಲ್ಲಿರುವವರೆಲ್ಲ ಒಂದೇ ಮದುವೆಗೆ ಹೊರಟವರಾಗಿರುತ್ತಾರೆ. ಆಸ್ಪತ್ರೆ ಚೀಟಿ ಹಿಡಿದವರೂ, ಕುರಿಮರಿ ತಬ್ಬಿ ಕೂತವರೂ ಹೆಣ್ಣಿನ ಕಡೆಯವರೇ. ಮೂಲೆಯಲ್ಲೊಂದು ತೆಂಗಿನಕಾಯಿ, ಒಂದು ಬಾಡಿದ ಹಾರ ಸದಾ ಸಿದ್ಧ.

ವರದಿಯಲ್ಲಿ ಯಶೋಗಾಥೆಯ ಪುಟವೂ ಇದೆ. ಕೊಪ್ಪದ ಸಹಕಾರ ಸಾರಿಗೆಯ ಚಿತ್ರ ಹಾಕಿದ್ದಾರೆ. 1991ರಲ್ಲಿ ಖಾಸಗಿ ಬಸ್ ಸಂಸ್ಥೆಯೊಂದರ ಕಾರ್ಮಿಕರೇ ಸಂಘ ಕಟ್ಟಿ, ತಾವೇ ಮಾಲೀಕರಾಗಿ, ಮಲೆನಾಡಿನ ಘಟ್ಟ, ತೋಟ, ಒಳದಾರಿಗಳಿಗೆ ಸುಮಾರು ಮೂರು ದಶಕ ಬಸ್ಸು ಓಡಿಸಿದರು. ದೇಶದ ನಾನಾ ಕಡೆಯಿಂದ ಅಧ್ಯಯನಕ್ಕೆ ಬಂದು ಹೊಗಳಿ ಹೋದರು. ಹೊಗಳಿಕೆಯಿಂದ ಟ್ಯಾಂಕು ತುಂಬಲಿಲ್ಲ, ನಷ್ಟ ಏರಿ 2020ರಲ್ಲಿ ಬಸ್ಸುಗಳು ನಿಂತೇಬಿಟ್ಟವು. ವರದಿಯಲ್ಲಿ ಈ ಕೊನೆಯ ವಾಕ್ಯವಿಲ್ಲ, ಚಿತ್ರ ದೊಡ್ಡದಾಗಿ ಜಾಗ ಸಾಲದೆ ಹೋಗಿರಬೇಕು. ಒಂದು ಸಂಸ್ಥೆ ಬದುಕಿದ್ದಾಗ ಅದರ ಮಾದರಿ ಹಿಡಿದು ಓಡಾಡಿದವರಲ್ಲಿ ಅದಕ್ಕೆ ಡೀಸೆಲ್ಲು ಹಾಕಿಸಿದವರು ಎಷ್ಟು ಜನ ಅಂತ ಕೇಳುವಂಥ ಒರಟುತನ ಅಂಥ ದಪ್ಪ ಕಾಗದದ ಪುಟಕ್ಕೆ ಒಪ್ಪುವುದೂ ಇಲ್ಲ.

ಕರಡಿಗೆ ಆಕ್ಷೇಪಣೆ ಸಲ್ಲಿಸಲು ಮೂವತ್ತು ದಿನ ಕೊಟ್ಟಿದ್ದರು. ಖುದ್ದಾಗಿ ಬರಬೇಕು, ಆಧಾರ್ ನಕಲು ಲಗತ್ತಿಸಬೇಕು, ಮಧ್ಯಾಹ್ನ ಮೂರರಿಂದ ಐದರೊಳಗೆ. ಕೊನೇ ದಿನ ನಮ್ಮೂರಿನ ಹನ್ನೆರಡು ಜನ ಟೆಂಪೊ ಹತ್ತಿದರು. ಹೆದ್ದಾರಿ ಸೇರುವ ತಿರುವಿನಲ್ಲಿ ಆರ್‌ಟಿಒ ಜೀಪು. ‘ಎಲ್ಲಿಗ್ರೀ?’

‘ಮದುವೆಗೆ ಸಾರ್.’

ಇನ್‌ಸ್ಪೆಕ್ಟರು ಮೊಬೈಲು ನೋಡಿದರು, ಆಕಾಶ ನೋಡಿದರು, ಟೆಂಪೊದೊಳಗೆ ನೋಡಿದರು. ‘ಆಷಾಢದಲ್ಲಿ ಯಾರ ಮದುವೇನ್ರೀ?’

ತೆಂಗಿನಕಾಯಿ, ಹಾರ ಯಾವುದೂ ಕೆಲಸಕ್ಕೆ ಬರಲಿಲ್ಲ. ದಂಡ ಬಿತ್ತು. ಹನ್ನೆರಡು ಜನ ಅಲ್ಲೇ ಕೈಚೀಲ ಬಿಚ್ಚಿ ಚಂದಾ ಎತ್ತಿ ಕಟ್ಟಿದರು. ಐದಕ್ಕೆ ಹತ್ತು ನಿಮಿಷವಿರುವಾಗ ತಾಲ್ಲೂಕು ಕಚೇರಿ ತಲುಪಿ, ದಂಡದ ರಸೀದಿಯದೊಂದು ಜೆರಾಕ್ಸ್ ತೆಗೆಸಿ, ‘ನಮ್ಮೂರಿಗೆ ಬಸ್ಸಿಲ್ಲ ಎಂಬುದಕ್ಕೆ ದಾಖಲೆ’ ಎಂದು ಆಕ್ಷೇಪಣೆಗೆ ಲಗತ್ತಿಸಿದರು. ಗುಮಾಸ್ತರು ಹಾಳೆ ತಿರುವಿ ನೋಡಿ, ಸೀಲು ಎತ್ತಿದವರು ಕೆಳಗಿಟ್ಟರು.

‘ಜೆರಾಕ್ಸ್ ನಡೆಯಲ್ಲ. ಮೂಲ ಪ್ರತಿ ಡ್ರೈವರ್ ಹತ್ರ ಇದೆಯಾ? ಹಾಗಾದ್ರೆ ನಾಳೆ ಎಲ್ಲರೂ ಒಂದ್ಸಲ ಬಂದುಬಿಡಿ.’