ಪರೀಕ್ಷಾಪೂರ್ವರಾತ್ರಿ ಮೀಮಾಂಸೆ

ಯಾವ ಶಾಸ್ತ್ರವೇ ಆಗಲಿ, ಆರಂಭದಲ್ಲೇ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ಅಟೆಂಡೆನ್ಸ್ ಶಾರ್ಟೇಜಿನಿಂದ ಕೂದಲೆಳೆಯಲ್ಲಿ ಪಾರಾಗಿ, ಹಾಲ್ ಟಿಕೆಟ್ ಕೈಗೆ ಬಂದ ದಿನವೇ ಸಬ್ಜೆಕ್ಟಿನ ಪೂರ್ತಿ ಹೆಸರು ತಿಳಿದುಕೊಂಡ ಇಂಜಿನಿಯರಿಂಗ್ ವಿದ್ಯಾರ್ಥಿ. ವಿಷಯ, ನಾಳೆಯ ಪೇಪರ್. ಪ್ರಯೋಜನ, ಪಾಸು. ಸಂಬಂಧವೆಂಬುದು ಓದಿದ್ದಕ್ಕೂ ಬರೆದದ್ದಕ್ಕೂ ಇರಬೇಕಾದದ್ದು; ಅದು ಎಲ್ಲೂ ದೊರೆಯದ ಕಾರಣ ಕೈಬಿಟ್ಟಿದ್ದೇವೆ.

ಈ ಶಾಸ್ತ್ರ ನಿಂತಿರುವುದು ಗಣಿತದ ಮೇಲೆ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಥಿಯರಿ ಪೇಪರಿನಲ್ಲಿ ಐದು ಮಾಡ್ಯೂಲು, ಪ್ರತಿ ಮಾಡ್ಯೂಲಿಗೆ ಎರಡು ಪ್ರಶ್ನೆ, ಬರೆಯಬೇಕಾದದ್ದು ಒಂದು, ಅಂಕ 20. ಇಂಟರ್ನಲ್ಸ್ ಕೈಹಿಡಿದಿದ್ದರೆ ಪೇಪರಿನಲ್ಲಿ ನೂರಕ್ಕೆ 35 ಸಾಕು. ಎರಡು ಮಾಡ್ಯೂಲು ಬಾಯಿಗೆ ಬಂದರೆ 40. ಉಳಿದ ಮೂರನ್ನು ಸಿಲಬಸ್ಸಿಗೆ ಏಕೆ ಸೇರಿಸಿದರೆಂಬುದು ಹಾಸ್ಟೆಲ್ ವಿದ್ವಾಂಸರಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಫಸ್ಟ್ ಬೆಂಚ್ ಪಂಥದವರು ಅವನ್ನೂ ಓದಬೇಕೆನ್ನುತ್ತಾರೆ. ಅದು ಅತಿವ್ಯಾಪ್ತಿ ದೋಷ.

ಇನ್ನು ಆಕರಗ್ರಂಥ. 'ಪಾಸಿಂಗ್ ಪ್ಯಾಕೇಜ್' ಎಂಬ ಹೆಸರಿನ ಈ ಹೊತ್ತಗೆಯ ಮೂಲ ಕರ್ತೃ ಯಾರೋ ಸೀನಿಯರ್; ಆತ ಪಾಸಾದನೇ ಎಂಬ ಬಗ್ಗೆ ಮೌಖಿಕ ಪರಂಪರೆ ಮೌನವಾಗಿದೆ. ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸ್ ಆಗಿ ನಮ್ಮ ಕೈಸೇರುವಷ್ಟರಲ್ಲಿ ಬಲ ಅಂಚಿನ ಎರಡಕ್ಷರ ಪ್ರತಿ ಸಾಲಿನಲ್ಲೂ ಲುಪ್ತ. ಮೈನಸ್ ಚಿಹ್ನೆಗಳು ಅಳಿಸಿಹೋಗಿರುವುದರಿಂದ ಲೆಕ್ಕಗಳಲ್ಲಿ ಒಂದು ಬಗೆಯ ಆಶಾವಾದ ಕಾಣುತ್ತದೆ. ನಾಲ್ಕನೆಯ ಪುಟದ ಸರ್ಕ್ಯೂಟ್ ಚಿತ್ರದ ಮೇಲೆ ಒಂದು ದೊಡ್ಡ ವೃತ್ತವಿದೆ. ಅದೇನೆಂಬ ಬಗ್ಗೆ ಎರಡು ಮತ. ಅದು ಟ್ರಾನ್ಸ್‌ಫಾರ್ಮರ್ ಎಂದು ಕೆಲವರು. ಮೂಲ ಕರ್ತೃವಿನ ಕಾಫಿ ಲೋಟದ ಗುರುತು, ಆದ್ದರಿಂದ ಪ್ರಕ್ಷಿಪ್ತ ಎಂದು ಇನ್ನು ಕೆಲವರು. ವಿವಾದಕ್ಕೆ ಎಡೆಗೊಡದ ಬಹುಸಂಖ್ಯಾತರು ಕೈವಾರ ಹಿಡಿದು ಅದನ್ನೂ ಉತ್ತರಪತ್ರಿಕೆಯಲ್ಲಿ ಅಚ್ಚುಕಟ್ಟಾಗಿ ಬರೆದು ಬರುತ್ತಾರೆ.

ಇಲ್ಲಿ ಪೂರ್ವಪಕ್ಷಿಗಳು ಅಡ್ಡ ಬರುತ್ತಾರೆ. ಜರ್ಮನಿಯ ಎಬಿಂಗ್‌ಹೌಸ್ ಎಂಬಾತ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರುಹೊಡೆದು ನೋಡಿ, ಒಂದು ದಿನ ಕಳೆಯುವುದರಲ್ಲಿ ಮೂರರಲ್ಲೊಂದು ಪಾಲಷ್ಟೇ ಉಳಿಯುತ್ತದೆಂದು 1885ರಲ್ಲಿ ಪ್ರಕಟಿಸಿದ. ನಮ್ಮವರೂ ಓದುವುದು ಅರ್ಥವಿಲ್ಲದ ಅಕ್ಷರಗುಚ್ಛವನ್ನೇ ಆದ್ದರಿಂದ ಈ ಲೆಕ್ಕ ನೇರವಾಗಿ ಅನ್ವಯಿಸುತ್ತದೆ: ನೂರಕ್ಕೆ 33. ಕೊರತೆ ಎರಡೇ ಅಂಕ. ಅದಕ್ಕೆ ದೇವರಿದ್ದಾನೆ.

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇನ್ನೊಂದು ತೊಡಕು ತಂದಿಟ್ಟರು. ಓದಿದ್ದನ್ನೇ ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರಿಗೆ ವಾರದ ನಂತರ ಹೆಚ್ಚು ನೆನಪಿತ್ತಂತೆ. ಆದರೆ ಅದೇ ಪ್ರಯೋಗದಲ್ಲಿ ಐದು ನಿಮಿಷದ ನಂತರ ಕೇಳಿದಾಗ ಮುಂದಿದ್ದವರು ಮತ್ತೆ ಮತ್ತೆ ಓದಿದವರೇ. ಪರೀಕ್ಷಾ ಹಾಲಿನ ಬಾಗಿಲಲ್ಲಿ, ಇನ್ವಿಜಿಲೇಟರ್ ಬಂದು ಗದರುವವರೆಗೂ ಕೈಯಲ್ಲಿ ಜೆರಾಕ್ಸ್ ಹಿಡಿದು ತುಟಿಯಾಡಿಸುವ ನಮ್ಮ ಸಂಪ್ರದಾಯಕ್ಕೆ ಇದಕ್ಕಿಂತ ಪ್ರಬಲ ಪ್ರಮಾಣ ಬೇಕೆ? ಮೂರು ಗಂಟೆಯ ಪೇಪರಿನಲ್ಲಿ ಆರನೆಯ ನಿಮಿಷದಿಂದ ಏನು ಮಾಡಬೇಕೆಂಬುದನ್ನು ಮಾತ್ರ ಶಾಸ್ತ್ರಕಾರರು ಹೇಳಿಲ್ಲ.

ಈಗ ದೇಹಧರ್ಮ. ಕಲಿತ ಮೇಲೆ ನಿದ್ದೆ ಮಾಡಿದವರಿಗೆ ಎಚ್ಚರವಿದ್ದವರಿಗಿಂತ ಕಡಿಮೆ ಮರೆಯುತ್ತದೆಂದು ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ 1924ರಲ್ಲೇ ತೋರಿಸಿದ್ದಾರೆ. ನಿದ್ದೆಯನ್ನು ವಿಧಿಸಿದ್ದು ಕಲಿತ ಮೇಲೆ. ಕಲಿಯುವುದೇ ಮುಗಿಯದವನಿಗೆ ಆ ವಿಧಿ ತಟ್ಟುವುದಿಲ್ಲ. ಕೆಫೀನಿನ ಅರ್ಧಭಾಗ ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ರಾತ್ರಿ ಎರಡಕ್ಕೆ ಕುಡಿದ ಕಾಫಿ, ಬೆಳಿಗ್ಗೆ ಏಳಕ್ಕೆ ಮೆಸ್ಸಿನ ಚಿತ್ರಾನ್ನದ ಜೊತೆಗೂ ಅರ್ಧ ಇದ್ದೇ ಇರುತ್ತದೆ. ನೀರು, ನಡಿಗೆ, ಸ್ನಾನ ಇತ್ಯಾದಿಗಳು ಬ್ಯಾಕ್ ಇಲ್ಲದವರ ವಿಲಾಸಗಳಾದ್ದರಿಂದ ವಿಸ್ತರಿಸುವುದಿಲ್ಲ.

ಜಾಗರಣೆಯ ವಿಧಾನವನ್ನು ಒಂದು ಸಂವಾದದಿಂದ ಅರಿಯಬಹುದು.

"ಮಗಾ, ನಾಲ್ಕಕ್ಕೆ ಎಬ್ಬಿಸ್ತೀನಿ ಅಂದಿದ್ದೆ ಅಲ್ವೇನೋ?"

"ನೀನು ಎಬ್ಬಿಸ್ತೀಯ ಅಂತ ತಾನೇ ನಾನು ಮಲಗಿದ್ದು! ಟೈಮ್ ಎಷ್ಟೋ?"

"ಎಂಟೂ ಕಾಲು."

ತರ್ಕಶಾಸ್ತ್ರದಲ್ಲಿ ಇದನ್ನು ಅನ್ಯೋನ್ಯಾಶ್ರಯ ದೋಷ ಎನ್ನುತ್ತಾರೆ, ಹಾಸ್ಟೆಲಿನಲ್ಲಿ ರೂಮ್‌ಮೇಟ್.

ಕೊನೆಯದಾಗಿ ಒಂದು ಆಕ್ಷೇಪ. ದಿನಾ ಸಂಜೆ ಹಳೆಯ ಪ್ರಶ್ನೆಪತ್ರಿಕೆಯಿಂದ ಒಂದೇ ಪ್ರಶ್ನೆ ಆರಿಸಿ, ಪುಸ್ತಕ ಮುಚ್ಚಿಟ್ಟು ಉತ್ತರ ಬರೆದು, ತಪ್ಪಿದ್ದನ್ನು ತಿದ್ದಿಕೊಂಡು, ಫೋನನ್ನು ಪಕ್ಕದ ರೂಮಿನಲ್ಲಿಟ್ಟು ಹನ್ನೊಂದಕ್ಕೆ ಮಲಗಿದರೆ ಈ ಇಡೀ ಶಾಸ್ತ್ರವೇ ಬೇಕಾಗುವುದಿಲ್ಲವಲ್ಲ ಎಂದು ಮೂಲೆ ರೂಮಿನ ಹುಡುಗಿಯೊಬ್ಬಳು ಕೇಳುತ್ತಾಳೆ. ಇದನ್ನು ಖಂಡಿಸಲು ನಾಲ್ಕೂ ದಿಕ್ಕಿನ ಪ್ರಮಾಣಗಳನ್ನು ಜಾಲಾಡಿದೆವು. ಒಂದೂ ಸಿಗಲಿಲ್ಲ. ಆದ್ದರಿಂದ 'ರೂಢಿಯಲ್ಲಿಲ್ಲ' ಎಂಬ ಕಾರಣಕ್ಕೆ ತಳ್ಳಿಹಾಕಿದ್ದೇವೆ.

ಈ ಪ್ರಬಂಧದ ಪ್ರತಿಗಳು ಕಾಲೇಜಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತವೆ. ಅಂಗಡಿ ರಾತ್ರಿ ಹತ್ತಕ್ಕೆ ಮುಚ್ಚುತ್ತದೆ. ಪೂರ್ವಪಕ್ಷದ ಪುಟಗಳು ಬೇಡವಾದವರು ಮೊದಲೇ ಹೇಳತಕ್ಕದ್ದು.